ಇಬ್ಬರಿಗೆ ಬಂದ ಜ್ವರ

ಅಕ್ಕ ತೀರಿಕೊಂಡಾಗ ನಾನು ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಫ್ಲೂ ವೈರಸ್ ಗುರುತಿಸುವ ಕೆಲಸವನ್ನೇ ಮಾಡುತ್ತಿದ್ದೆ. ಇದನ್ನು ಹೇಳಿದರೆ ಜನ ನನ್ನನ್ನು ಒಂದು ಥರ ನೋಡುತ್ತಾರೆ. ಗುರುತಿಸುವುದು ಬೇರೆ, ಗುಣಪಡಿಸುವುದು ಬೇರೆ ಎಂದು ವಿವರಿಸುವುದನ್ನು ಈಗ ಬಿಟ್ಟಿದ್ದೇನೆ.

ಅಕ್ಕ ಹಳೇ ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಕಲಿಸುತ್ತಿದ್ದಳು. ಅವಳ ಗಂಡನನ್ನು ನಾನು ಮಾಮಾ ಎಂದು ಕರೆಯುತ್ತೇನೆ. ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಫಿಟರ್. ಆ ಮಳೆಗಾಲದಲ್ಲಿ ಮೊದಲು ಜ್ವರ ಬಂದದ್ದು ಅವರಿಗೆ. ಅಕ್ಕ ಶಾಲೆ ಮುಗಿಸಿ ಬಂದು ಗಂಜಿ ಕುಡಿಸುತ್ತ, ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಪಕ್ಕದಲ್ಲೇ ಕೂತಿರುತ್ತಿದ್ದಳು. ಅವರು ಎದ್ದು ಓಡಾಡುವ ಹೊತ್ತಿಗೆ ಅವಳು ಮಲಗಿದಳು.

"ನೆಗಡಿ ಜ್ವರ, ಹೋಗ್ತೈತಿ ಬಿಡ," ಎಂದು ಫೋನಿನಲ್ಲಿ ಹೇಳಿದ್ದಳು. ಅವಳಿಗೆ ಚಿಕ್ಕಂದಿನಿಂದ ದಮ್ಮಿನ ತ್ರಾಸು. ಆಸ್ಪತ್ರೆಗೆ ಸೇರಿಸಿದ ಮೇಲೆ ಉಸಿರು ಹದಕ್ಕೆ ಬರಲೇ ಇಲ್ಲ. ವಾರ ತುಂಬುವ ಮೊದಲೇ ಹೋದಳು. ಅವರ ಪುಟ್ಟ ಮಗಳ ಕೂದಲು ಆಗಿನ್ನೂ ಜಡೆ ಹೆಣೆಯುವಷ್ಟೂ ಬೆಳೆದಿರಲಿಲ್ಲ.

ಆಸ್ಪತ್ರೆಯಲ್ಲಿ ಅಕ್ಕನ ಗಂಟಲಿನ ಮಾದರಿ ತೆಗೆದಿದ್ದರು. ಮಾಮಾನ ಕೆಮ್ಮು ಪೂರ್ತಿ ಹೋಗಿರಲಿಲ್ಲವಾದ್ದರಿಂದ ಅವರದನ್ನೂ ತೆಗೆದರು. ಫ್ಲೂ ಎಂದಷ್ಟೇ ವರದಿ ಬಂದಿತ್ತು. ಉಳಿದ ಮಾದರಿ ಮಾಮಾನ ಒಪ್ಪಿಗೆಯ ಮೇಲೆ ಸಂಶೋಧನೆಗೆಂದು ನಮ್ಮಲ್ಲಿಗೆ ಬಂತು.

ಕಾರ್ಯಗಳೆಲ್ಲ ಮುಗಿದ ಮೇಲೆ ಮಾಮಾ ನನ್ನನ್ನು ಹುಡುಕಿಕೊಂಡು ಪ್ರಯೋಗಾಲಯಕ್ಕೆ ಬಂದರು. ಕುರ್ಚಿಯ ತುದಿಯಲ್ಲಿ ಕೂತು ಕೇಳಿದರು:

"ನಂದೂ ಆಕಿದೂ ಒಂದ ಜ್ವರ ಏನು? ನನ್ನಿಂದನ ಆಕಿಗೆ ಹತ್ತೇತೇನು, ನೋಡಿ ಹೇಳ್ತೀ?"

ನಾವು ಬಳಸುತ್ತಿದ್ದದ್ದು ಮೈಕ್ರೋಅರೇ ಎಂಬ ಚಿಪ್. ಗಾಜಿನ ಸಣ್ಣ ಪಟ್ಟಿ, ಅದರ ಮೇಲೆ ಸಾಲುಸಾಲಾಗಿ ಸೂಕ್ಷ್ಮ ಚುಕ್ಕಿಗಳು. ಒಂದೊಂದು ಚುಕ್ಕಿಯಲ್ಲೂ ಒಂದೊಂದು ತಳಿಯ ಫ್ಲೂ ವೈರಸ್ಸಿನ ಜೀನಿನ ತುಣುಕು. ರೋಗಿಯ ಮಾದರಿಯಲ್ಲಿರುವ ವೈರಸ್ಸಿನ ಅಂಶಕ್ಕೆ ಬಣ್ಣ ಕಟ್ಟಿ ಅದರ ಮೇಲೆ ಬಿಟ್ಟರೆ, ತನಗೆ ಹೊಂದುವ ತುಣುಕಿಗೆ ಹೋಗಿ ಅಂಟುತ್ತದೆ. ಆ ಚುಕ್ಕಿಗಳು ಸ್ಕ್ಯಾನರಿನಲ್ಲಿ ಬೆಳಗುತ್ತವೆ.

"ಬ್ಯಾರೆಯವರ ಕೈಲೆ ಮಾಡಿಸೂಣೇನು?" ಎಂದು ನನ್ನ ಗೈಡ್ ಮೇಡಂ ಕೇಳಿದರು. ನಾನೇ ಮಾಡುತ್ತೇನೆಂದೆ. ಅಕ್ಕನ ಪಟ್ಟಿಯನ್ನೂ ದಿನದ ಮಾದರಿಗಳಂತೆಯೇ ಸ್ಕ್ಯಾನರಿನಲ್ಲಿಟ್ಟೆ. ಅದೇ ಆಮೇಲೆ ನನಗೆ ಬಹಳ ಬೇಜಾರು ಮಾಡಿತು. ಎಚ್1ಎನ್1ನ ಚುಕ್ಕಿಗಳು ಬೆಳಗಿದವು. ಮಾಮಾನದರಲ್ಲಿ ಬೇರೆ ಏನಾದರೂ ಬೆಳಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಲ್ಲಿಯೂ ಅವೇ ಚುಕ್ಕಿಗಳು.

ಮಾಮಾನಿಗೆ ಸುಳ್ಳು ಹೇಳಲಾಗಲಿಲ್ಲ. "ತಳಿ ಒಂದ ಐತ್ರಿ ಮಾಮಾ. ಆದ್ರ ಈ ಮಳಿಗಾಲದಾಗ ಊರ ತುಂಬ ಅದ ಅಡ್ಡಾಡಾಕತ್ತೇತಿ. ಸಾಲ್ಯಾಗ ಹತ್ತಿರಬಹುದು, ಬಜಾರದಾಗ ಹತ್ತಿರಬಹುದು. ಚಿಪ್ ತಳಿ ಯಾವದಂತ ಹೇಳ್ತೈತಿ, ಯಾರಿಂದ ಬಂತಂತ ಹೇಳೂದಿಲ್ರಿ."

"ಒಂದ ಐತಿ ಅಂದ್ರ ಆತು ಬಿಡು," ಎಂದರು. ಉಳಿದದ್ದು ಅವರ ಕಿವಿಗೆ ಬೀಳಲಿಲ್ಲ. ನೀರು ಕೊಟ್ಟೆ, ಕುಡಿಯದೆ ಎದ್ದುಹೋದರು.

ಅವರು ಮತ್ತೆ ಮದುವೆಯಾಗಲಿಲ್ಲ. ಮಗಳನ್ನು ಕರೆದುಕೊಂಡು ಧಾರವಾಡಕ್ಕೆ, ನಮ್ಮ ಮನೆಯ ಹತ್ತಿರಕ್ಕೇ ಬಂದರು. ಪ್ರತಿ ವರ್ಷ ತಪ್ಪದೆ ಅವಳಿಗೆ ಫ್ಲೂ ಲಸಿಕೆ ಹಾಕಿಸುತ್ತಾರೆ. ತಮಗೆ ಒಂದು ಸೀನು ಬಂದರೂ ಸಾಕು, ಅವಳನ್ನು ನಮ್ಮಲ್ಲಿ ಬಿಟ್ಟು ದೂರವೇ ಉಳಿಯುತ್ತಾರೆ. ಅಕ್ಕನಿಗೆ ಅವರಿಂದಲೇ ಹತ್ತಿತೆಂದು ಯಾರೂ ಹೇಳಲಾಗದು ಎಂದು ಎಷ್ಟೋ ಸಲ ತಿಳಿಸಿ ಹೇಳಿದ್ದೇನೆ. ತಲೆಯಾಡಿಸುತ್ತಾರೆ, ಅಷ್ಟೇ.

ಕಳೆದ ಮಳೆಗಾಲದಲ್ಲಿ ನಮ್ಮಲ್ಲಿ ಬಿಟ್ಟಿದ್ದ ಮಗಳನ್ನು ನೋಡಲು ಬಂದ ಮಾಮಾ ಮೂಗಿಗೆ ಕರವಸ್ತ್ರ ಹಿಡಿದು ಹೊರಗಿನ ಕಟ್ಟೆಯ ಮೇಲೆಯೇ ಕೂತರು.

"ಒಳಗ ಬರ್ರಿ, ರೊಟ್ಟಿ ಆಗ್ಯಾವು," ಎಂದಳು ಅವ್ವ.

"ಬ್ಯಾಡ್ರಿ ಅತ್ತಿ, ನೆಗಡಿ ಆಗೇತಿ."

ಅವ್ವ ಅವರಿಗೊಂದು ತಾಟು ಕೊಟ್ಟು, ತನ್ನ ತಾಟನ್ನೂ ಹೊರಗೆ ತಂದುಕೊಂಡು ಅವರ ಪಕ್ಕದಲ್ಲೇ ಕೂತಳು. ಮಾಮಾ ಸ್ವಲ್ಪ ಆಚೆ ಸರಿದರು. ಅವ್ವನೂ ಅಷ್ಟೇ ಸರಿದು ಊಟಕ್ಕೆ ಕೈ ಹಾಕಿದಳು.