ಗುಬ್ಬಿಯಿಂದ ನಡೆದು ಬಂದ ನಾಯಿ

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ತುಮಕೂರಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಟೈಪಿಸ್ಟ್. ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿ ತೀಡಿದ ಇಂಗ್ಲಿಷು ನನ್ನದು. ಅದೊಂದೇ ಕಾರಣಕ್ಕೆ, ಕ್ಲೇಮ್ ಕೊಡಲಾಗುವುದಿಲ್ಲ ಎನ್ನುವ ಪತ್ರಗಳೆಲ್ಲ ನನ್ನ ಮೆಷಿನ್ನಿಗೇ ಬರುತ್ತಿದ್ದವು. ‘ವಿ ರಿಗ್ರೆಟ್’ ಎಂದು ದಿನಕ್ಕೆ ಎಷ್ಟು ಸಲ ಹೊಡೆಯುತ್ತಿದ್ದೆನೋ. ರಿಗ್ರೆಟ್ ಮಾತ್ರ ನನಗೆ ಒಂದು ಸಲವೂ ಆದದ್ದಿಲ್ಲ.

ನಮ್ಮಲ್ಲಿ ದನಕರುಗಳ ಇನ್ಶೂರೆನ್ಸೇ ಹೆಚ್ಚು. ಹಸು ಸತ್ತರೆ, ನಂಬರಿನ ಬಿಲ್ಲೆ ಹಾಕಿದ ಅದರ ಕಿವಿಯನ್ನು ಕೊಯ್ದು ಆಫೀಸಿಗೆ ತರಬೇಕು, ಅದು ರೂಲು. ಕಿವಿ ಇಲ್ಲದಿದ್ದರೆ ಕ್ಲೇಮ್ ಇಲ್ಲ. ಎಲೆಯಲ್ಲಿ, ಹಳೇ ಟವೆಲಿನಲ್ಲಿ ಸುತ್ತಿಕೊಂಡು ತರುತ್ತಿದ್ದರು. ನಾನು ಮೂಗಿಗೆ ಕರ್ಚೀಫ್ ಕಟ್ಟಿಕೊಂಡೇ ಟೈಪ್ ಮಾಡುತ್ತಿದ್ದೆ.

ಒಂದು ದಿನ ಗುಬ್ಬಿ ಕಡೆಯ ಸೊಸೈಟಿಯೊಂದರಿಂದ ಬೇರೆ ಥರದ ಫೈಲು ಬಂತು. ತೆಂಗಿನ ತೋಟಗಳಲ್ಲಿ ಕೂಲಿ ಮಾಡುವವರಿಗೆಲ್ಲ ಸೊಸೈಟಿ ಆಕ್ಸಿಡೆಂಟ್ ಪಾಲಿಸಿ ಮಾಡಿಸಿತ್ತು. ಬಿದ್ದ ಕಾಯಿ ಆಯುತ್ತಿದ್ದ ಒಬ್ಬ ಹೆಂಗಸಿಗೆ ಬೀದಿನಾಯಿ ಕಚ್ಚಿತ್ತು. ಕಚ್ಚಿದ ನಾಯಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲವಾದ್ದರಿಂದ ಡಾಕ್ಟರು ಹದಿನಾಲ್ಕು ಇಂಜೆಕ್ಷನ್ನೂ ಆಗಲೇಬೇಕು ಎಂದಿದ್ದರು. ಆರು ಮುಗಿಯುವಷ್ಟರಲ್ಲಿ ಆಸ್ಪತ್ರೆಯ ಸ್ಟಾಕು ಮುಗಿಯಿತು. ಉಳಿದ ಎಂಟನ್ನು ತುಮಕೂರಿನ ಮೆಡಿಕಲ್ ಸ್ಟೋರಿನಲ್ಲಿ ಅವಳೇ ಕೊಂಡಿದ್ದಳು, ಓಲೆ ಒತ್ತೆಯಿಟ್ಟು. ಆ ಓಲೆ ಬಿಡಿಸಿಕೊಳ್ಳಲು ಈ ಕ್ಲೇಮ್ ಬಿಟ್ಟು ಅವಳಿಗೆ ಬೇರೆ ದಾರಿಯಿಲ್ಲ ಎಂದು ಸೊಸೈಟಿಯ ಸೆಕ್ರೆಟರಿ ಬರೆದಿದ್ದರು.

ನಮ್ಮ ಮ್ಯಾನೇಜರು ಕುಣಿಗಲ್ ಕಡೆಯವರು, ಕೆಟ್ಟವರಲ್ಲ, ರೂಲಿನ ಮನುಷ್ಯ. ಗಾಯಕ್ಕೆ ಹಚ್ಚಿದ ಔಷಧಿಯ ಬಿಲ್ಲು ಕೊಡಬಹುದು, ವ್ಯಾಕ್ಸೀನ್ ಮುಂದೆ ಬರಬಹುದಾದ ಕಾಯಿಲೆಗೆ ಹಾಕಿಸಿದ್ದು, ಅದು ಟ್ರೀಟ್‌ಮೆಂಟ್ ಅಲ್ಲ ಎಂದು ಡಿಕ್ಟೇಟ್ ಮಾಡಿದರು. ‘ಪ್ರೊಫಿಲ್ಯಾಕ್ಟಿಕ್’ ಎಂಬ ಪದ. ಒಂದು ಅಕ್ಷರವೂ ತಪ್ಪದ ಹಾಗೆ ಟೈಪ್ ಮಾಡಿದ್ದಕ್ಕೆ ಭೇಷ್ ಎಂದರು. ನನಗೂ ಹೆಮ್ಮೆಯಾಯಿತು.

ಮೂರು ವಾರ ಕಳೆದಿರಬೇಕು. ಮಧ್ಯಾಹ್ನದ ಹೊತ್ತು ಆಫೀಸಿನಲ್ಲಿ ಗದ್ದಲ. ಅಟೆಂಡರು ಬೆಂಚಿನ ಮೇಲೆ ಹತ್ತಿ ನಿಂತಿದ್ದ. ಬಾಗಿಲಲ್ಲಿ ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದಾದ ಒಬ್ಬ ಹೆಂಗಸು, ಕೈಯಲ್ಲಿ ತೆಂಗಿನ ನಾರಿನ ಹಗ್ಗ, ಹಗ್ಗದ ತುದಿಯಲ್ಲಿ ಒಂದು ಕೆಂದು ನಾಯಿ.

“ಏನಮ್ಮ ಇದು, ಆಫೀಸು ಅಂತ ತಿಳ್ಕೊಂಡಿದೀಯೋ ಸಂತೆ ಅಂತಲೋ?” ಎಂದರು ಮ್ಯಾನೇಜರು, ಕುರ್ಚಿಯ ಮೇಲೆ ಎತ್ತಿಟ್ಟುಕೊಂಡ ಕಾಲು ಕೆಳಗಿಡದೆ.

“ಹಸ ಸತ್ರೆ ಕಿವಿ ತರ್ಬೇಕು ಅಂತೀರಲ್ಲ ಸ್ವಾಮಿ. ನಾನೂ ಸತ್ತಿಲ್ಲ, ಇದೂ ಸತ್ತಿಲ್ಲ. ಅದಕ್ಕೆ ಇಡೀ ನಾಯೀನೇ ತಂದಿವ್ನಿ.”

ನಮ್ಮ ಇಂಗ್ಲಿಷ್ ಪತ್ರದಲ್ಲಿ ಏನಿದೆಯೆಂದು ಸೊಸೈಟಿಯಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ನಾಯಿ ಕಚ್ಚಿದ್ದಕ್ಕೆ ಪುರಾವೆ ಕೇಳಿದ್ದಾರೆ ಎಂದು ಅವಳು ಅಂದುಕೊಂಡಿದ್ದಳು. ಹುಡುಕಿ ಹುಡುಕಿ, ಸಂತೆಮಾಳದಲ್ಲಿ ಅದೇ ನಾಯಿಯನ್ನು ಹಿಡಿದು, ಮುದ್ದೆ ಹಾಕಿ ಪಳಗಿಸಿದ್ದಳಂತೆ. ಬಸ್ಸಿನವರು ಹತ್ತಿಸಿಕೊಳ್ಳಲಿಲ್ಲ, ಗುಬ್ಬಿಯಿಂದ ನಡೆದೇ ಬಂದಿದ್ದಳು. ತನ್ನನ್ನು ಕಚ್ಚಿದ ನಾಯಿಯ ಜೊತೆ, ಹನ್ನೆರಡು ಮೈಲಿ.

ಮ್ಯಾನೇಜರು ನಾಯಿಯನ್ನು ನೋಡಿದರು. ಇದು ಚೆನ್ನಾಗೇ ಇದೆ, ಹುಚ್ಚು ಹಿಡಿದಿಲ್ಲ, ಅಂದಮೇಲೆ ಇಂಜೆಕ್ಷನ್ನೇ ಬೇಕಿರಲಿಲ್ಲವಲ್ಲ ಎಂದರು. ನಾಯಿಯನ್ನು ತಂದು ಅವಳು ತನ್ನ ಕೇಸನ್ನು ತಾನೇ ಕೆಡಿಸಿಕೊಂಡಳು ಅನ್ನಿಸಿತು ನನಗೆ.

ಅವಳು ಸಿಟ್ಟಾಗಲಿಲ್ಲ. “ಇವತ್ತು ಗೊತ್ತಾಯ್ತು ಸ್ವಾಮಿ. ಆವತ್ತು ಯಾರಿಗ್ ಗೊತ್ತಿತ್ತು? ನಿಮ್ ಇನ್ಸೂರೆನ್ಸೂ ಅಂಗೇ ತಾನೆ. ಏನಾಯ್ತದೋ ಗೊತ್ತಿಲ್ಲ ಅಂತಾನೇ ಕಟ್ಟೋದು. ಏನೂ ಆಗ್ನಿಲ್ಲ ಅಂತ ಕಟ್ಟಿದ್ದ ವಾಪಸ್ ಕೊಡ್ತೀರಾ?”

ಮ್ಯಾನೇಜರು, ಗಾಯವನ್ನು ನೋಡಿ ರಿಪೋರ್ಟ್ ಕೊಡಿ ಎಂದು ನನ್ನ ಕಡೆ ತಿರುಗಿದರು. ಆಫೀಸಿನಲ್ಲಿ ಹೆಂಗಸೆಂದರೆ ನಾನೊಬ್ಬಳೇ.

ರೆಕಾರ್ಡ್ ರೂಮಿನಲ್ಲಿ ಅವಳು ಮೀನಖಂಡದ ಮೇಲಿದ್ದ ಹಲ್ಲಿನ ಗುರುತು ತೋರಿಸಿದಳು. ಆಮೇಲೆ ನಾನು ಕೇಳದೆಯೇ ಸೀರೆಯ ನೆರಿಗೆ ತಗ್ಗಿಸಿದಳು. ಹೊಕ್ಕುಳಿನ ಸುತ್ತ ಚರ್ಮ ಗಂಟುಗಂಟಾಗಿತ್ತು.

“ಮುಟ್ಟಿ ನೋಡವ್ವ, ಎದರ್ಕಬೇಡ,” ಎಂದಳು.

ಮುಟ್ಟಿದೆ. ಒಂದೊಂದೂ ಗೋಲಿಯ ಹಾಗೆ ಗಟ್ಟಿ. ಏಳನೇದಕ್ಕೆ ಜ್ವರ ಬಂತಂತೆ, ಒಂಬತ್ತನೇದಕ್ಕೆ ಎದ್ದೇಳಲು ಆಗಲಿಲ್ಲವಂತೆ, ಆದರೂ ಔಷಧಿ ಕೆಡದಿರಲೆಂದು ಒದ್ದೆ ಬಟ್ಟೆ ಸುತ್ತಿದ ಚೆಂಬಿನಲ್ಲಿ ಸೀಸೆ ಇಟ್ಟುಕೊಂಡು ಆಸ್ಪತ್ರೆಗೆ ಹೋಗಿದ್ದಳಂತೆ. ಹದಿನಾಲ್ಕರಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಇದನ್ನೇ ನಾನು ಟ್ರೀಟ್‌ಮೆಂಟ್ ಅಲ್ಲ ಎಂದು ಟೈಪ್ ಮಾಡಿದ್ದು, ಮೂರು ಕಾಪಿ, ಕಾರ್ಬನ್ ಇಟ್ಟು.

ಹೊರಗೆ ಬಂದು, “ಸರ್, ಗಾಯ ಒಂದಲ್ಲ, ಹದಿನೈದಿವೆ,” ಎಂದೆ. ಅಲ್ಲಿಯವರೆಗೆ ಅವರ ಎದುರು ‘ಯೆಸ್ ಸರ್’ ಬಿಟ್ಟು ಬೇರೇನೂ ಹೇಳಿದವಳಲ್ಲ.

ಅವರು ಫೈಲು ತೆರೆದು ಹಳೇ ಪತ್ರದ ಕಾಪಿಯನ್ನು ಇನ್ನೊಮ್ಮೆ ಓದಿದರು. ಆಮೇಲೆ ಬೆಂಗಳೂರಿನ ಆಫೀಸಿಗೆ ಒಂದು ನೋಟ್ ಹೇಳಿ ಬರೆಸಿದರು: ಕಚ್ಚಿದ್ದೂ ಇಂಜೆಕ್ಷನ್ ಹಾಕಿಸಿದ್ದೂ ಒಂದೇ ಆಕ್ಸಿಡೆಂಟು, ಎರಡನ್ನು ಬೇರೆ ಮಾಡುವುದು ನ್ಯಾಯವಲ್ಲ. ಅವಳಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ತಲೆಯಾಡಿಸಿ, ಹಗ್ಗ ಹಿಡಿದು ಹೊರಟಳು.

ತಿಂಗಳೊಪ್ಪತ್ತಿನಲ್ಲಿ ಉತ್ತರ ಬಂತು. ‘ಅಡ್ಮಿಟೆಡ್’, ಅಂದರೆ ಕ್ಲೇಮ್ ಒಪ್ಪಿದೆ, ಒಂದೇ ಪದ. ನಮ್ಮ ಆಫೀಸಿನಿಂದ ಅಲ್ಲಿಯವರೆಗೆ ಕನ್ನಡದಲ್ಲಿ ಒಂದು ಕಾರ್ಡೂ ಹೋಗಿರಲಿಲ್ಲ. ಮೆಷಿನ್ನಿನಲ್ಲಿ ಕನ್ನಡ ಎಲ್ಲಿ ಬರಬೇಕು? ಪೆನ್ನು ತೆಗೆದುಕೊಂಡು ಕೈಯಲ್ಲೇ ಬರೆದೆ: ನಿಮ್ಮ ಇಂಜೆಕ್ಷನ್ನಿನ ಹಣ ಮಂಜೂರಾಗಿದೆ, ಹೆಬ್ಬೆಟ್ಟು ಹಾಕಲು ಬನ್ನಿ. ಮ್ಯಾನೇಜರು ಓದಿ, ಸಹಿ ಮಾಡುವ ಮುಂಚೆ ಕೆಳಗೆ ತಾವೇ ಒಂದು ಸಾಲು ಸೇರಿಸಿದರು: ಬಸ್ಸಿನಲ್ಲಿ ಬನ್ನಿ.