ನಿಂತೇ ಇದ್ದ ಮೆಂಬರು

ನಮ್ಮೂರ ಪುರಸಭೆಯಲ್ಲಿ ಹೆಂಗಸರಿಗೆಂದು ಒಂದು ಸ್ಥಾನ ಬಂದಾಗ ಊರ ಗಂಡಸರಿಗೆ ದೊಡ್ಡ ತಲೆನೋವಾಯಿತು. ತಮ್ಮ ಮನೆಯ ಹೆಂಗಸನ್ನು ಮೀಟಿಂಗಿಗೆ ಕಳಿಸಲು ಯಾರಿಗೂ ಮನಸ್ಸಿಲ್ಲ. ಹಾಗೆಂದು ಪಕ್ಕದ ಮನೆಯ ಹೆಂಗಸು ಮೆಂಬರಾಗುವುದನ್ನೂ ಸಹಿಸಲಾರರು. ಕೊನೆಗೆ ಅಧ್ಯಕ್ಷರಾಗಿದ್ದ ನನ್ನ ಮಾವನವರೇ ನನ್ನ ಹೆಸರು ಕೊಟ್ಟರು. ಹಾರನಹಳ್ಳಿಯಿಂದ ಸೊಸೆಯಾಗಿ ಬಂದ ನನಗೆ ಓದು ಬರಹ ಬರುತ್ತಿತ್ತು, ಹಿರಿಯರ ಎದುರು ಮಾತು ಬರುತ್ತಿರಲಿಲ್ಲ. ಮೆಂಬರಿಗೆ ಇದಕ್ಕಿಂತ ಒಳ್ಳೆಯ ಅರ್ಹತೆ ಅವರಿಗೆ ಕಾಣಲಿಲ್ಲ.

ಈ ಸುದ್ದಿಯನ್ನು ನನಗೆ ಹೇಳಿದ್ದು ಅತ್ತೆ, ಸೊಪ್ಪು ಬಿಡಿಸುತ್ತಾ. ಮಾವನವರು ನನ್ನ ಜೊತೆ ನೇರವಾಗಿ ಮಾತಾಡುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ನನಗೆ ಹೇಳಬೇಕಾದ್ದನ್ನು ಅತ್ತೆಗೆ ಹೇಳುವರು. ಅತ್ತೆ ಇಲ್ಲದಿದ್ದರೆ ಬೆಕ್ಕಿಗೆ ಹೇಳುವರು. 'ಸ್ನಾನಕ್ಕೆ ನೀರು ಕಾದದಾ ಎಂಗೆ?' ಎಂದು ಬೆಕ್ಕನ್ನು ಕೇಳಿದರೆ ನಾನು ಒಲೆಗೆ ಸೌದೆ ಒಟ್ಟಬೇಕು. ಇನ್ನು ಮಾವನ ಎದುರು ಸೊಸೆ ಕೂರುವುದಂತೂ ಉಂಟೇ? ಅವರು ಪಡಸಾಲೆಗೆ ಬಂದರೆ ನಾನು ಎದ್ದು ಕಂಬದ ಮರೆಗೆ ಹೋಗುತ್ತಿದ್ದೆ.

ಪುರಸಭೆಯಲ್ಲೂ ಅದೇ ನಡೆಯಿತು. ಅಲ್ಲಿ ನನಗೊಂದು ಬೆತ್ತದ ಕುರ್ಚಿ ಹಾಕಿದ್ದರು, ಅದರ ಮೇಲೆ ಎಲ್ಲರೂ ಟವೆಲು ಇಡುತ್ತಿದ್ದರು. ನಾನು ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಪಕ್ಕ ನಿಂತಿರುತ್ತಿದ್ದೆ. ಬೀದಿ ದೀಪಕ್ಕೆ ಸೀಮೆಎಣ್ಣೆ, ಸಂತೆಮಾಳದ ಸುಂಕ, ಹಂದಿ ಹಿಡಿಯುವವರ ಸಂಬಳ, ಎಲ್ಲವನ್ನೂ ನಿಂತುಕೊಂಡೇ ಕೇಳಿದೆ. ಕಾಲು ಜೋಮು ಹಿಡಿಯುತ್ತಿತ್ತು. ಒಳಗೊಳಗೇ ಇವರನ್ನೆಲ್ಲ ಚೆನ್ನಾಗಿ ಬೈದುಕೊಳ್ಳುತ್ತಿದ್ದೆ.

ಆಗೆಲ್ಲ ಕೈಯೆತ್ತಿ ಓಟು ಹಾಕುವುದು. ನಮ್ಮ ಮೆಂಬರುಗಳ ಕೈಗಳು ಬಹಳ ಜಾಣ ಕೈಗಳು. ಕಿವಿಯವರೆಗೆ ಎತ್ತಿ ಅಲ್ಲೇ ನಿಲ್ಲಿಸುವರು. ಗೆದ್ದರೆ 'ನಾನೂ ಎತ್ತಿದ್ದೆ', ಸೋತರೆ 'ಕಿವಿ ಕೆರ್ಕತಿದ್ದೆ'. ಇದರಿಂದ ರೋಸಿಹೋದ ಮಾವನವರು ಹೊಸ ನಿಯಮ ತಂದರು. ಒಪ್ಪುವವರು ಕೂತಿರಬೇಕು, ಒಪ್ಪದವರು ಎದ್ದು ನಿಲ್ಲಬೇಕು. ತಮ್ಮ ಎದುರು ಎದ್ದು ನಿಂತು ಬೇಡ ಅನ್ನುವ ಗಂಡಸು ಊರಲ್ಲಿ ಇಲ್ಲ ಎಂಬುದು ಅವರ ಲೆಕ್ಕ. ನಿಜಕ್ಕೂ ಬಹುಕಾಲ ಯಾರೂ ಏಳಲಿಲ್ಲ. ನಾನೊಬ್ಬಳು ನಿಂತೇ ಇರುತ್ತಿದ್ದೆ. ಅಧ್ಯಕ್ಷರ ಸೊಸೆ ತಾನೆ ಎಂದು ಗುಮಾಸ್ತರು ನನ್ನನ್ನು ಕೂತವರ ಜೊತೆ ಎಣಿಸಿಬಿಡುತ್ತಿದ್ದರು.

ಹೀಗಿರುವಾಗ ಊರಿಗೆ ನಲ್ಲಿ ಬರುವುದೆಂದಾಯಿತು, ಸದ್ಯಕ್ಕೆ ಒಂದೇ ಒಂದು. ಅದನ್ನು ಪೇಟೆ ಬೀದಿಯಲ್ಲಿ, ಅಂದರೆ ತಮ್ಮ ದವಸದ ಮಂಡಿಯ ಮುಂದೆ ಹಾಕಿಸಬೇಕೆಂದು ಮಾವನವರ ಆಸೆ. ಸಂತೆಗೆ ಬಂದವರಿಗೂ ಗಾಡಿಯ ಎತ್ತುಗಳಿಗೂ ಅನುಕೂಲ ಎಂದು ಹೇಳಿದರು. ನಮ್ಮ ಮನೆಯ ಹಿಂದಿನ ಬೀದಿಯವರಿಗೆ ಬಾವಿಯೇ ಇಲ್ಲ. ಅಲ್ಲಿನ ಹೆಂಗಸರು ಹೊಳೆಗೆ ಇಳಿದು, ಬಿಂದಿಗೆ ಹೊತ್ತು, ಕಡಿದಾದ ದಂಡೆ ಹತ್ತಿ ಬರಬೇಕು. ಮೀಟಿಂಗಿನ ಹಿಂದಿನ ದಿನ ಆ ಬೀದಿಯ ಟೈಲರ್ ಸಾಬರ ಹೆಂಡತಿ ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ತುಂಬಿದ ಬಸುರಿ. ಮೊಣಕೈ ತರಚಿತ್ತು.

'ದಂಡೇಲಿ ಜಾರ್ಬುಟ್ಟೆ ಅಕ್ಕ. ಬಿಂದ್ಗೆ ಹೋಯ್ತು, ಹೋಗ್ಲಿ. ಹೊಟ್ಟೇಲಿರೋದು ಉಳೀತು. ನೀವು ಮೆಂಬರಲ್ವಾ, ನಿಮ್ಮ ಮಾವ್ನೋರಿಗೆ ಒಂದು ಮಾತು ಹೇಳಿ.'

ಆಯಿತು ಎಂದೆ. ಯಾವ ಬಾಯಲ್ಲಿ ಹೇಳುವುದು ಎಂದು ಆಮೇಲೆ ಹೆದರಿಕೆಯಾಯಿತು.

ಮಾರನೆಯ ದಿನ ನಲ್ಲಿಯ ವಿಷಯ ಬಂತು. ನಲ್ಲಿ ಪೇಟೆ ಬೀದಿಗೆ, ಸಭೆ ಒಪ್ಪದಿದ್ದರೆ ಹಿಂದಿನ ಬೀದಿಗೆ ಎಂದು ಗುಮಾಸ್ತರು ಓದಿ ಮುಗಿಸಿದ್ದೇ ತಡ, ಹಿಂದಿನ ಬೀದಿಯಲ್ಲಿ ಮನೆಯಿದ್ದ ವಕೀಲರು ಎದ್ದು ನಿಂತರು. ಅವರನ್ನು ನೋಡಿ ಹೊಗೆಸೊಪ್ಪಿನ ವ್ಯಾಪಾರಿ, ಅವರನ್ನು ನೋಡಿ ಇನ್ನಷ್ಟು ಜನ. ಮಾವನವರ ಮುಖ ಕೆಂಪಾಯಿತು. ಗುಮಾಸ್ತರು ಎಣಿಸಿದರು. ನನ್ನನ್ನು ಬಿಟ್ಟರೆ ಕೂತವರೂ ನಿಂತವರೂ ಸಮ.

'ಅಮ್ಮಾವ್ರು ಕೂತಂಗೇ ಲೆಕ್ಕ' ಎಂದು ಅವರು ಬರೆಯಲು ಹೋದರು.

'ಅದೆಂಗ್ರೀ?' ಎಂದರು ವಕೀಲರು. 'ನಿಂತೋರು ನಿಂತೋರೇ ಕಣ್ರೀ. ಪ್ರೆಸಿಡೆಂಟರೇ ಮಾಡಿದ ರೂಲು.'

ಎಲ್ಲರೂ ನನ್ನತ್ತ ತಿರುಗಿದರು. ಮಾವನವರು ಸುತ್ತ ನೋಡಿದರು. ಅಲ್ಲಿ ಅತ್ತೆ ಇರಲಿಲ್ಲ, ಬೆಕ್ಕೂ ಇರಲಿಲ್ಲ. ಜವಾನ ಇದ್ದ, ಅವನು ಆಗಲೇ ನಗು ತಡೆಯಲಾರದೆ ಹೊರಗೆ ಹೋಗುತ್ತಿದ್ದ. ಮಾವನವರು ಗಂಟಲು ಸರಿಮಾಡಿಕೊಂಡು, ಮದುವೆಯಾಗಿ ಬಂದಾಗಿನಿಂದ ಮೊದಲ ಸಲ, ನನ್ನ ಮುಖ ನೋಡಿ ಹೇಳಿದರು.

'ಕುಂತ್ಕಳವ್ವ.'

ಅವರ ದನಿ ಮೆತ್ತಗಿತ್ತು. ನನಗೆ ಅಳು ಬಂದಂತಾಯಿತು. ಆ ಒಂದು ಮಾತಿಗೆ ಎಷ್ಟು ಆಸೆಪಟ್ಟಿದ್ದೆನೋ, ನನಗೇ ಗೊತ್ತಿರಲಿಲ್ಲ. ಕಾಲುಗಳೂ ಕೂರು ಕೂರು ಅನ್ನುತ್ತಿದ್ದವು. ಆದರೆ ಕೂತರೆ ನಲ್ಲಿ ಮಂಡಿಯ ಮುಂದೆ ಹೋಗುತ್ತದೆ, ತರಚಿದ ಮೊಣಕೈಯವಳು ಮತ್ತೆ ದಂಡೆ ಹತ್ತಬೇಕು.

'ಬ್ಯಾಡಿ ಮಾವ' ಎಂದೆ. 'ನಿಂತೇ ಇರ್ತೀನಿ.'

ಗುಮಾಸ್ತರು ಲೇಖನಿ ಹಿಡಿದುಕೊಂಡು ಮಾವನವರ ಮುಖ ನೋಡಿದರು. ಮಾವನವರು, 'ಬರ್ಕಳ್ರೀ ಮತ್ತೆ, ಏನ್ ಮುಖ ನೋಡ್ತೀರಿ' ಎಂದು ಗುಮಾಸ್ತರನ್ನು ಗದರಿದರು.

ಮನೆಗೆ ಹೋಗುವಾಗ ಅವರು ಮುಂದೆ, ನಾನು ದೂರದಲ್ಲಿ ಹಿಂದೆ. ಇವತ್ತು ನನ್ನ ಕತೆ ಮುಗಿಯಿತು ಅಂದುಕೊಂಡೇ ನಡೆಯುತ್ತಿದ್ದೆ. ಹಿಂದಿನ ಬೀದಿಯ ತಿರುವಿನಲ್ಲಿ ಅವರು ನಿಂತರು.

'ಎಲ್ಲಿ ಹಾಕ್ಸಬೇಕು ಅಂತೀಯ? ತೋರ್ಸು ನಡಿ.'

ನಾನು ಮುಂದೆ ಹೋಗಿ ಸಾಬರ ಮನೆಯ ಹತ್ತಿರ ಜಾಗ ತೋರಿಸಿದೆ. ಅವರು ಅಲ್ಲಿಂದ ನಮ್ಮ ಹಿತ್ತಿಲ ಬಾಗಿಲಿನತ್ತ ಕಣ್ಣು ಹಾಯಿಸಿದರು. 'ನಮ್ಗೂ ಏನ್ ದೂರ ಆಗಾಕಿಲ್ಲ ಬುಡು' ಎಂದರು. ಸೋಲಿನಲ್ಲೂ ಲಾಭ ನೋಡದಿದ್ದರೆ ಅವರು ಮಂಡಿ ಯಜಮಾನರಾಗುತ್ತಿದ್ದರೇ?

ನಿರ್ಣಯವಾದ ಮಾತ್ರಕ್ಕೆ ನೀರು ಬರಲಿಲ್ಲ. ಪುರಸಭೆಯ ಕೆಲಸ, ಕೊಳವೆ ಬಂದರೆ ಮೇಸ್ತ್ರಿ ಬರಲಿಲ್ಲ, ಮೇಸ್ತ್ರಿ ಬಂದರೆ ಕೊಳವೆ ಸಾಲಲಿಲ್ಲ. ಸಾಬರ ಹೆಂಡತಿ ಬಾಣಂತನ ಮುಗಿಸಿ ಮತ್ತೆ ಹೊಳೆಗೇ ಹೋದಳು. ನೋಡಿದಾಗಲೆಲ್ಲ ಪುರಸಭೆಯವರನ್ನು ಬೈದುಕೊಳ್ಳುತ್ತಿದ್ದೆ. ಕೊನೆಗೂ ನಲ್ಲಿ ತಿರುಗಿಸಿದ ದಿನ ಬಿಂದಿಗೆಗಳ ಸಾಲನ್ನು ನೂಕಿಕೊಂಡು ಮೊದಲು ನೀರಿಗೆ ಬಂದದ್ದು ಅವಳ ಮಗು, ಅಂಬೆಗಾಲಿಟ್ಟು. ನಲ್ಲಿಯ ಕೆಳಗೇ ಕೂತು ಮೈಯೆಲ್ಲ ನೆನೆಸಿಕೊಂಡಿತು. ನೀರು ಪೋಲಾಗುತ್ತದೆಂದು ಯಾರೋ ಬೈದರು. ಅವಳು ಮಾತ್ರ ಎತ್ತಿಕೊಳ್ಳಲು ಹೋಗಲಿಲ್ಲ.

'ಇರ್ಲಿ ಬುಡಿ' ಎಂದಳು. 'ಕೂತ್ಕೊಂಡಿರ್ಲಿ.'