ಮಾರ್ಚ್ ಒಂದರ ಸೂರ್ಯೋದಯ

೧೯೮೧ರಲ್ಲಿ ನಾನು ಮಾನ್ವಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೆ. ಜನಗಣತಿ ಬಂದಾಗ ನಮ್ಮ ಹೆಡ್‌ಮಾಸ್ತರರು ಮೊಣಕಾಲು ನೋವನ್ನು ಮುಂದೆ ಮಾಡಿ ಆ ಕೆಲಸವನ್ನು ನನಗೆ ಗಂಟುಹಾಕಿದರು. “ಹೆಣ್ಮಕ್ಕಳಾದ್ರ ಒಳಗ ಬಿಟ್ಕೋತಾರ, ನೀವ ಹೋಗ್ರಿ” ಎಂದರು. ಅದೇ ಮೊಣಕಾಲಿನಲ್ಲಿ ಅವರು ಶನಿವಾರ ರಾಯಚೂರು ಬಸ್ಸಿಗೆ ಓಡುವುದನ್ನು ಇಡೀ ಊರು ನೋಡಿತ್ತು.

ಗಣತಿಯ ಕ್ರಮ ಹೀಗಿತ್ತು. ಫೆಬ್ರುವರಿಯಲ್ಲಿ ಮನೆಮನೆಗೆ ಹೋಗಿ ಬರೆದುಕೊಳ್ಳಬೇಕು. ಮಾರ್ಚ್ ಮೊದಲ ದಿನಗಳಲ್ಲಿ ಮತ್ತೆ ಅದೇ ಮನೆಗಳಿಗೆ ಹೋಗಿ, ನಡುವೆ ಹುಟ್ಟಿದವರನ್ನು ಸೇರಿಸಿ ತೀರಿಕೊಂಡವರನ್ನು ತೆಗೆಯಬೇಕು. ಮಾರ್ಚ್ ಒಂದರ ಸೂರ್ಯೋದಯಕ್ಕೆ ಯಾರು ಬದುಕಿದ್ದರೋ ಅವರಷ್ಟೇ ದೇಶದ ಜನಸಂಖ್ಯೆ.

ನನಗೆ ಸಿಕ್ಕ ಓಣಿಯಲ್ಲಿ ಒಂದು ಮನೆಯವರದು ಕನ್ನಡ, ಪಕ್ಕದವರದು ತೆಲುಗು, ಎದುರಿನವರದು ದಖನಿ ಉರ್ದು. ಧರ್ಮ, ಮಾತೃಭಾಷೆ ಕೇಳಿದರೆ ಯಾರೂ ತಡವರಿಸುತ್ತಿರಲಿಲ್ಲ. ತೊಡಕು ಬರುತ್ತಿದ್ದುದು ಇನ್ನೊಂದು ಪ್ರಶ್ನೆಗೆ. ನನ್ನ ಭಾಗದ ಮದುವೆಯಾದ ಪ್ರತಿ ಹೆಣ್ಣುಮಗಳನ್ನೂ, ಹುಟ್ಟಿದ ಮಕ್ಕಳೆಷ್ಟು, ಉಳಿದವರೆಷ್ಟು ಎಂದು ಕೇಳಬೇಕಿತ್ತು.

ಬಳೆ ವ್ಯಾಪಾರದ ಮನೆಯೊಂದರಲ್ಲಿ ಅತ್ತೆ ಹುಸೇನಬೀ ಎಲ್ಲರ ಪರವಾಗಿ ತಾನೇ ಉತ್ತರ ಕೊಟ್ಟಳು. ಸೊಸೆ ಚಾಂದಬೀ ತುಂಬು ಬಸುರಿ. ಪರದೆಯ ಹಿಂದೆ ನಿಂತಿದ್ದಳು. “ಸೊಸಿಗಿ ಒಬ್ಬ ಮಗ ಅದಾನ್ರಿ ಅಕ್ಕೋರ, ಅಷ್ಟ” ಎಂದಳು ಹುಸೇನಬೀ. ಹುಟ್ಟಿದ್ದು ಒಂದು, ಉಳಿದದ್ದು ಒಂದು ಎಂದು ಬರೆದುಕೊಂಡೆ.

ಮಾರ್ಚ್ ಒಂದರಂದು ಮತ್ತೆ ಹೋದಾಗ ಹುಸೇನಬೀ ಹೊಸ್ತಿಲಲ್ಲಿ ಕುಳಿತಿದ್ದಳು. ಅತ್ತು ಕಣ್ಣು ಊದಿದ್ದವು.

“ನೀವು ಹೋದ ಮ್ಯಾಲ ಹೆಣ್ಣು ಕೂಸು ಹುಟ್ಟಿತ್ರಿ. ನಿನ್ನಿ ಸಂಜಿಗೆ ಹೋತು.”

ನಿಯಮದ ಪ್ರಕಾರ ಸೇರಿಸುವಂಥದ್ದೂ ಇರಲಿಲ್ಲ, ತೆಗೆಯುವಂಥದ್ದೂ ಇರಲಿಲ್ಲ. ನನ್ನ ಕಾಗದದ ಮಟ್ಟಿಗೆ ಆ ಮನೆಯಲ್ಲಿ ಏನೂ ನಡೆದಿರಲಿಲ್ಲ. ಎದ್ದು ಹೊರಡುವಷ್ಟರಲ್ಲಿ ಚಾಂದಬೀ ಒಳಗಿನಿಂದ ಕರೆದಳು. ಗೋಡೆಗೆ ಒರಗಿ ಕುಳಿತಿದ್ದಳು. ಕುಪ್ಪಸ ಎದೆಹಾಲಿಗೆ ತೊಯ್ದಿತ್ತು.

“ನನ್ನ ಮಗಳನ್ನ ಬರಕೊಂಡ್ರೇನ್ರಿ ಅಕ್ಕೋರ?”

ಸೂರ್ಯೋದಯದ ನಿಯಮವನ್ನು ಹೇಳಿದೆ.

“ಇವತ್ತ ಹೊತ್ತು ಹುಟ್ಟೋತನಕ ಇದ್ದಿದ್ರ ಬರ್ತಿದ್ಲೇನ್ರಿ?”

“ಬರ್ತಿದ್ಲವ್ವಾ.”

ದಿಲ್ಲಿಯಲ್ಲಿ ಕುಳಿತು ಆ ಗಡುವು ಹಾಕಿದವರ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ಎಲ್ಲಾದರೂ ಒಂದು ಗೆರೆ ಎಳೆಯಲೇಬೇಕೆಂದು ಗೊತ್ತಿದ್ದೂ ಬಂತು. ಆಗ ಆ ಇನ್ನೊಂದು ಪ್ರಶ್ನೆ ನೆನಪಾಯಿತು.

“ದೇಶದ ಲೆಕ್ಕಕ್ಕ ಬರಂಗಿಲ್ಲ. ಆದ್ರ ನಿನ್ನ ಲೆಕ್ಕಕ್ಕ ಬರ್ತಾಳ. ಎಷ್ಟು ಹಡದಿ ಅಂತ ಬರೀಬೇಕು” ಎಂದು, ಒಂದನ್ನು ಹೊಡೆದು ಎರಡು ಬರೆಯಲು ಹೋದೆ.

“ಎರಡಲ್ರಿ, ಮೂರು” ಎಂದಳು. “ಎಲ್ಲಾಕಿಂತ ಮೊದಲಿನಾಕಿ ದೇವದುರ್ಗದಾಗ, ತವರುಮನಿಯಾಗ ಹೋದಳು. ಆಕಿನ್ನೂ ಬರೀರಿ.”

ಬಾಗಿಲಲ್ಲಿದ್ದ ಹುಸೇನಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಬಸರಿ ಮುಂದ ಹೋದ ಕೂಸಿನ ಮಾತು ತಗೀಬಾರದಂತ ಅವತ್ತ ಹೇಳಲಿಲ್ರಿ. ಇದಾದ್ರೂ ಉಳೀಲಿ ಅಂತ...” ಸೊಸೆ ಅತ್ತೆಯ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು.

ಹುಟ್ಟಿದ್ದು ಮೂರು, ಉಳಿದದ್ದು ಒಂದು. ಬರೆದದ್ದನ್ನು ಓದಿ ಹೇಳಿದೆ. ಚಾಂದಬೀ ಇನ್ನೊಮ್ಮೆ ಓದಿಸಿ ಕೇಳಿದಳು.

ಮುಂದೆ ದೇಶದ ಜನ ಅರವತ್ತೆಂಟು ಕೋಟಿ ದಾಟಿದ ಸುದ್ದಿ ರೇಡಿಯೋದಲ್ಲಿ ಬಂತು. “ಎಷ್ಟ್ ಮಂದಿ ಹುಟ್ಟಾಕತ್ತಾರ ನೋಡ್ರಿ, ಹುಳದಂಗ” ಎಂದು ಹೆಡ್‌ಮಾಸ್ತರರು ನಕ್ಕರು. ನನಗೆ ಅಲ್ಲಿ ಕೂರಲಾಗಲಿಲ್ಲ. ಕುಡಿಯುತ್ತಿದ್ದ ಚಹಾ ಬಿಟ್ಟು ತರಗತಿಗೆ ಹೋದೆ.

ಆಮೇಲಿನ ಗಣತಿಯಲ್ಲಿ ಹೊಸ ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕೈಪಿಡಿಯಲ್ಲಿಲ್ಲದ ಒಂದು ಮಾತನ್ನು ಅವರಿಗೆ ಹೇಳುತ್ತಿದ್ದೆ: ಮಕ್ಕಳ ಲೆಕ್ಕವನ್ನು ಹಡೆದವಳನ್ನೇ ಕೇಳಿ. ಆಕೆ ಮೊದಲು ಉಳಿದವರನ್ನು ಹೇಳುತ್ತಾಳೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ. ಪೆನ್ನು ಮುಚ್ಚಬೇಡಿ, ಅಷ್ಟು ಹೊತ್ತು ನೀವೂ ಸುಮ್ಮನಿರಿ.